ಶಿಕ್ಷೆಯೆಂದರೆ ಕಲಿಕೆ

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಅದರ ಸುತ್ತಲಿನ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿಯೂ ಕಾರ್ಖಾನೆ, ಗೋದಾಮು, ಹೊಸ ಮನೆಗಳು ತಲೆಯೆತ್ತಿವೆ. ಕಾಂಪೌಂಡು ಎದ್ದ ಎಷ್ಟೋ ಕಡೆ ಕಾವಲಿಗೊಂದು ನಾಯಿ ಬರುತ್ತದೆ. ಗೇಟಿನ ಪಕ್ಕದ ಗಿಡ್ಡ ಸರಪಳಿಯಲ್ಲಿಯೇ ಅದರ ಹಗಲಿರುಳು ಕಳೆಯುತ್ತವೆ. ಬೊಗಳಿದರೆ ಏಟು, ಬೊಗಳದಿದ್ದರೆ ಬೈಗುಳ. ಪರ್ವದ ದಿನ ಉಪವಾಸವಿದ್ದು ಬಸದಿಗೆ ಹೋಗಿಬರುವ ಶ್ರಾವಕರ ಮನೆಗಳೂ ಇದಕ್ಕೆ ಹೊರತೆನ್ನಲಾಗದು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಅತಿಭಾರದ ಮಾತು ಎತ್ತು ಕತ್ತೆಗಳಿಗೆ ಹೆಚ್ಚು ಸಲ್ಲುತ್ತದೆ. ಉಳಿದ ನಾಲ್ಕೂ ನಾಯಿಯ ಪಾಲಿಗಿವೆ. ಚೆಂದಕ್ಕೆಂದು ಕಿವಿ, ಬಾಲ ಕತ್ತರಿಸಿದರೆ ಛೇದ. ಬರಿದಾದ ನೀರಿನ ಬಟ್ಟಲನ್ನು ಬಿಟ್ಟು ಮದುವೆಮನೆಗೆ ಹೊರಟರೆ ಅನ್ನಪಾನನಿರೋಧ. ಪಟ್ಟಿಯಲ್ಲಿ ಮೊದಲು ನಿಂತಿರುವುದೇ ಕಟ್ಟಿಹಾಕುವುದು. ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರವೂ ಅಪರಾಧವೇ.

ಹೊಡೆಯದೆ ಹದಕ್ಕೆ ತರುವುದೆಂತು ಎಂದು ಕೇಳುವವರುಂಟು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಅದಕ್ಕೊಂದು ದಾರಿಯಿದೆ. ಶಿಕ್ಷೆ, ಕ್ರಿಯೆ, ಉಪದೇಶ, ಆಲಾಪ ಇವುಗಳನ್ನು ಮನಸ್ಸಿನ ಆಧಾರದಿಂದ ಗ್ರಹಿಸಬಲ್ಲ ಜೀವವನ್ನು ಅವರು ಸಂಜ್ಞಿ ಎನ್ನುತ್ತಾರೆ. ನಾಯಿ ಅಂತಹ ಸಂಜ್ಞಿ ಪಂಚೇಂದ್ರಿಯ ಜೀವ. ಶಿಕ್ಷೆ ಎಂಬ ಪದಕ್ಕೆ ನಮ್ಮ ಆಡುಮಾತಿನಲ್ಲಿ ದಂಡನೆಯೆಂಬ ಅರ್ಥ ಅಂಟಿಕೊಂಡಿರುವುದು ದುರದೃಷ್ಟ. ಶಾಸ್ತ್ರದಲ್ಲಿ ಅದು ಕಲಿಕೆ.

ಕಲಿಸುವ ಕ್ರಮ ಸರಳ. ನಾಯಿಯನ್ನು ಹೆಸರು ಹಿಡಿದು ಕರೆಯಬೇಕು. ಬಂದ ಕೂಡಲೇ ರೊಟ್ಟಿಯ ಚೂರೊಂದನ್ನು ಕೊಟ್ಟು ಮೈದಡವಬೇಕು. ತಡವಾದರೆ ಯಾವ ಕೆಲಸಕ್ಕೆ ಮೆಚ್ಚುಗೆಯೆಂಬುದು ಅದಕ್ಕೆ ತಿಳಿಯದು. ಬೈಗುಳವೂ ಹಾಗೆಯೇ: ಬೆಳಿಗ್ಗೆ ಕಚ್ಚಿಹಾಕಿದ ಚಪ್ಪಲಿಗೆ ಸಂಜೆ ಗದರಿದರೆ ಅದು ಯಜಮಾನನಿಗೆ ಹೆದರುವುದನ್ನು ಕಲಿಯುತ್ತದೆಯೇ ಹೊರತು ಚಪ್ಪಲಿಯನ್ನು ಬಿಡುವುದನ್ನಲ್ಲ. ದಿನಕ್ಕೆ ಎರಡು ಮೂರು ಬಾರಿ, ಐದೈದು ನಿಮಿಷ ಸಾಕು. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು; ಅಜ್ಜಿ ‘ಕೂತ್ಕೋ’, ಮೊಮ್ಮಗ ‘ಸಿಟ್’ ಎಂದರೆ ಪಾಪ, ಅದು ಯಾರ ಮಾತನ್ನು ಕೇಳೀತು? ಮರಿಯನ್ನು ಉಂಡ ಮೇಲೆ, ನಿದ್ದೆಯಿಂದ ಎದ್ದ ಮೇಲೆ ತಪ್ಪದೆ ಹೊರಗೆ ಕರೆದೊಯ್ದರೆ ಮನೆಯೊಳಗೆ ಗಲೀಜು ಮಾಡುವುದು ಕ್ರಮೇಣ ನಿಲ್ಲುತ್ತದೆ. ದಿನಕ್ಕೆ ಎರಡು ಹೊತ್ತು ನಡೆದಾಡಿ ಬರುವ ನಾಯಿ ಸುಮ್ಮಸುಮ್ಮನೆ ಬೊಗಳುವುದೂ ಕಡಿಮೆ. ಬೇಸಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಇಟ್ಟು ನೋಡಬೇಕು. ನಮ್ಮ ಕೈ ತಾಳದ ಬಿಸಿಯನ್ನು ಅದರ ಪಾದವೂ ತಾಳದು.

ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಜೈನರ ಅಡುಗೆಮನೆಯಲ್ಲಿ ಹೇಗೂ ಅವುಗಳಿಗೆ ಜಾಗವಿಲ್ಲ. ಆದರೆ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳೂ ಅಪಾಯಕಾರಿಯೆಂಬುದು ಅನೇಕರಿಗೆ ತಿಳಿಯದು. ಸಸ್ಯಾಹಾರದಲ್ಲಿಯೇ ಸಾಕುವವರು ಬರಿಯ ಮೊಸರನ್ನಕ್ಕೆ ನಿಲ್ಲದೆ ಪಶುವೈದ್ಯರನ್ನು ಕೇಳಿ ಆಹಾರವನ್ನು ಗೊತ್ತುಪಡಿಸಿಕೊಳ್ಳುವುದು ಲೇಸು.

ಸಾಕಿದ ನಾಯಿಗೇ ಇಷ್ಟಾದರೆ ಬೀದಿಯ ನಾಯಿಗೇನು? ಭಾಸ್ಕರಕವಿಯ ಜೀವಂಧರ ಚರಿತೆಯನ್ನು ಬಲ್ಲವರಿಗೆ ಆ ಪ್ರಸಂಗ ನೆನಪಿದ್ದೀತು. ಯಜ್ಞದ ಆಹಾರವನ್ನು ಮುಟ್ಟಿತೆಂದು ಜನರು ಬಡಿದ ನಾಯಿಯೊಂದು ಸಾಯುತ್ತ ಬಿದ್ದಿರುತ್ತದೆ. ರಾಜಕುಮಾರ ಜೀವಂಧರನು ಅದರ ಬಳಿ ಕುಳಿತು ಪಂಚನಮಸ್ಕಾರವನ್ನು ಕಿವಿಗೆ ಹೇಳುತ್ತಾನೆ. ಅದು ಸುದರ್ಶನ ಯಕ್ಷನಾಗಿ ಹುಟ್ಟುತ್ತದೆ. ಅದು ಯಾರ ಮನೆಯ ನಾಯಿಯೆಂದು ಅವನು ಕೇಳಲಿಲ್ಲ.

ಕಟ್ಟಡ ಮುಗಿದು ಕೂಲಿಯವರು ಹೊರಟಾಗ ಅಲ್ಲಿಯೇ ಉಳಿದುಬಿಡುವ ನಾಯಿಗಳಿಗೆ ಬಡಾವಣೆಯವರೇ ದಿಕ್ಕು. ಮಕ್ಕಳು ಆಡುವಲ್ಲಿ ಅನ್ನ ಹಾಕದೆ, ಜನಸಂಚಾರವಿಲ್ಲದ ಒಂದು ಮೂಲೆಯಲ್ಲಿ, ಒಂದೇ ಹೊತ್ತಿಗೆ ಹಾಕಿದರೆ ನೆರೆಯವರ ತಕರಾರೂ ತಗ್ಗುತ್ತದೆ. ಸ್ಥಳೀಯ ಸಂಸ್ಥೆಗೆ ತಿಳಿಸಿ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸಬೇಕು. ಮನೆಯ ಮರಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ. ಯಾವ ನಾಯಿ ಕಚ್ಚಿದರೂ, ಅದು ಮನೆಯದೇ ಆಗಿರಲಿ, ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.