ಗೂಟ ಖಾಲಿಯಾದ ಮನೆಯ ದುಃಖ

ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾಲ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಬೆನ್ನಿಗೆ ಜೂಲ, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಕಿಕ್ಕಿರಿದ ಜನರ ನಡುವೆ ನುಗ್ಗಿ ಓಡುತ್ತದೆ. ಹಿಡಿಯುವವರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದ ಹೋರಿಗೆ ಒಂದು ಹೆಸರು, ಆ ಹೆಸರಿಗೊಂದು ಅಭಿಮಾನಿ ಬಳಗ, ಹುಡುಗರ ಅಂಗಿಯ ಮೇಲೆ ಅದರ ಚಿತ್ರ. ಅಂಥ ಹೋರಿ ಸತ್ತರೆ ಊರೇ ಸೇರುತ್ತದೆ. ಹೂವಿನಿಂದ ಅಲಂಕರಿಸಿದ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ, ಅಕ್ಕಪಕ್ಕದ ಊರವರಿಂದ ಹಾರ, ಪೂಜೆ ಮಾಡಿ ಹೊಲದಲ್ಲಿ ಮಣ್ಣು ಮಾಡುವುದು. ಸಾಕಿದವರು ಬಿಕ್ಕಿ ಬಿಕ್ಕಿ ಅತ್ತರೆ ಅಲ್ಲಿ ಯಾರೂ ಬೆರಳು ತೋರಿಸುವುದಿಲ್ಲ.

ಅದೇ ಊರಿನಲ್ಲಿ ಉಳುವ ಎತ್ತು, ಹಾಲು ಕೊಟ್ಟು ಮನೆ ನಡೆಸಿದ ಆಕಳು, ಬಾಗಿಲು ಕಾಯ್ದ ನಾಯಿ ಸತ್ತಾಗ ಮನೆಯವರಿಗೆ ಬೇರೆಯೇ ಮಾತು ಸಿಗುತ್ತದೆ: “ಹೋಗ್ಲಿ ಬಿಡಪ್ಪಾ, ಇನ್ನೊಂದು ತಂದ್ರಾತು.” ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ದುಃಖದ ಆಳ ಸತ್ತ ಪ್ರಾಣಿಯ ಖ್ಯಾತಿಯನ್ನು ನೋಡಿ ತೀರ್ಮಾನವಾಗುವುದಿಲ್ಲ. ಅದು ನಂಟಿನ ಆಳವನ್ನು ಅವಲಂಬಿಸುತ್ತದೆ. ಹೆಸರಾಂತ ಹೋರಿಯ ಮನೆಯವರಿಗೆ ಸಿಗುವ ಸಾಂತ್ವನದಲ್ಲಿ ಒಂದಿಷ್ಟು ಈ ಮನೆಗಳಿಗೂ ಸಿಗಬೇಕು. ಮನೋವಿಜ್ಞಾನ ಮತ್ತು ಮಿದುಳಿನ ಅಧ್ಯಯನಗಳು ಈ ಮಾತಿಗೆ ಬೆಂಬಲವಾಗಿ ನಿಲ್ಲುತ್ತವೆ.

ನಂಟು ಬೆಳೆಯುವ ಬಗೆ

ತಾಯಿ ಮತ್ತು ಮಗುವಿನ ನಡುವಿನ ಬಾಂಧವ್ಯವನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ಅಗಲಿಕೆಯ ಸಂಕಟವು ಬಾಂಧವ್ಯದ ಇನ್ನೊಂದು ಮುಖವೆಂದು ತೋರಿಸಿದರು. ನಂಟು ಇಲ್ಲದ ಕಡೆ ಶೋಕವಿಲ್ಲ. ಈ ನಂಟು ಬೆಳೆಯುವುದು ದಿನದಿನದ ಸಾಮೀಪ್ಯ, ಸ್ಪರ್ಶ, ಆರೈಕೆ ಮತ್ತು ಪರಸ್ಪರ ಗುರುತಿನಿಂದ. ಇವೆಲ್ಲವೂ ಪ್ರಾಣಿ ಸಾಕುವ ಮನೆಯಲ್ಲಿ ಇದ್ದೇ ಇರುತ್ತವೆ.

2015ರಲ್ಲಿ ಜಪಾನಿನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ದೀರ್ಘವಾಗಿ ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಹಾರ್ಮೋನಿನ ಪ್ರಮಾಣ ಏರಿತ್ತು. ಹೆರಿಗೆ, ಹಾಲೂಡುವಿಕೆ, ತಾಯಿ-ಮಗುವಿನ ಅಕ್ಕರೆ ಇವೆಲ್ಲಕ್ಕೂ ಸಂಬಂಧಪಟ್ಟ ಹಾರ್ಮೋನು ಇದು. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ, ಮಗುವೂ ನಾಯಿಯೂ ಇರುವ ತಾಯಂದಿರಿಗೆ ಎರಡರ ಚಿತ್ರಗಳನ್ನೂ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿತ್ತು. ಭಾವನೆ ಮತ್ತು ಒಡನಾಟಕ್ಕೆ ಸಂಬಂಧಿಸಿದ ಹಲವು ಭಾಗಗಳು ಎರಡೂ ಸಂದರ್ಭಗಳಲ್ಲಿ ಚುರುಕಾದವು. ಮಗುವಿನ ಚಿತ್ರಕ್ಕೆ ಮಾತ್ರ ಸ್ಪಂದಿಸಿದ ಭಾಗಗಳೂ ಇದ್ದವು. ಎಂದರೆ ಎರಡು ನಂಟುಗಳೂ ಒಂದೇ ಅಲ್ಲ, ಆದರೆ ಅವು ಹತ್ತಿರದ ಬಂಧುಗಳು.

ಇವು ನಾಯಿಗಳನ್ನು ಕುರಿತ ಅಧ್ಯಯನಗಳು. ಇವುಗಳ ಫಲಿತಾಂಶವನ್ನು ಎತ್ತಿಗೂ ಆಕಳಿಗೂ ನೇರವಾಗಿ ಅನ್ವಯಿಸಲಾಗದು. ಆದರೂ ಬೆಳಗಿನ ಜಾವ ಎದ್ದು ಮೇವು ಹಾಕಿ, ಮೈ ತೊಳೆದು, ಕೊಂಬು ಸವರಿ, ಹತ್ತು ಹದಿನೈದು ವರ್ಷ ಒಂದೇ ನೊಗದ ಹಿಂದೆ ನಡೆದ ರೈತನಲ್ಲಿ ನಂಟು ಬೆಳೆಯಲು ಬೇಕಾದ ಯಾವ ಅಂಶವೂ ಕಡಿಮೆಯಿಲ್ಲ. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ, ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಜಗಲಿಯ ಮೇಲಿಟ್ಟು ಪೂಜಿಸುವ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲದ್ದನ್ನು ಹುಡುಕುವ ಮಿದುಳು

ಸತ್ತ ಮೇಲೂ ಗೆಜ್ಜೆ ಸದ್ದು ಕೇಳಿದಂತಾಗುವುದು, ಬಾಗಿಲಲ್ಲಿ ನಾಯಿ ಮಲಗಿದೆ ಎಂದು ದಾಟಿ ಹೋಗಲು ಕಾಲೆತ್ತುವುದು, ಮನೆಯವರಿಗೆ ಬೇಕಾಗುವಷ್ಟು ರೊಟ್ಟಿ ತಟ್ಟುವಾಗ ಕೈ ನಾಯಿಗೆಂದು ಇನ್ನೊಂದಕ್ಕೆ ಹಿಟ್ಟು ತೆಗೆಯುವುದು. ಇವನ್ನು ಅನುಭವಿಸಿದವರು ತಮಗೆ ತಲೆ ಕೆಟ್ಟಿತೇ ಎಂದು ಹೆದರುತ್ತಾರೆ. ಹೆದರಬೇಕಿಲ್ಲ. ಮಿದುಳು ಮುಂದೆ ಏನಾಗುತ್ತದೆ ಎಂಬುದನ್ನು ಸದಾ ಊಹಿಸುತ್ತಲೇ ಇರುತ್ತದೆ. ಸಾವಿರಾರು ಮುಂಜಾವುಗಳ ಅಭ್ಯಾಸ ಒಂದೇ ದಿನದ ಸಾವಿನಿಂದ ಅಳಿಸಿಹೋಗುವುದಿಲ್ಲ.

ಇದರ ಒಂದು ಸುಳಿವು ನಾರ್ವೆಯ ಪ್ರಯೋಗಾಲಯದಲ್ಲಿ ಸಿಕ್ಕಿತು. ಮುಂದೆ 2014ರಲ್ಲಿ ನೊಬೆಲ್ ಪಡೆದ ಎಡ್ವರ್ಡ್ ಮೋಸರ್ ಮತ್ತು ಮೇ-ಬ್ರಿಟ್ ಮೋಸರ್ ಅವರ ತಂಡ 2013ರಲ್ಲಿ ಇಲಿಗಳ ಮಿದುಳಿನಲ್ಲಿ ವಿಚಿತ್ರ ನರಕೋಶಗಳನ್ನು ಗುರುತಿಸಿತು. ಇಲಿ ಓಡಾಡುವ ಅಂಕಣದಲ್ಲಿ ಒಂದು ವಸ್ತುವನ್ನಿಟ್ಟು ಆಮೇಲೆ ತೆಗೆದರು. ವಸ್ತು ಮೊದಲು ಇದ್ದ ಜಾಗಕ್ಕೆ ಇಲಿ ಬಂದಾಗ ಕೆಲವು ಕೋಶಗಳು ಮಿಡಿಯುತ್ತಿದ್ದವು. ಕೆಲವೊಮ್ಮೆ ದಿನಗಳು ಕಳೆದರೂ ಆ ಮಿಡಿತ ಉಳಿದಿತ್ತು. ‘ಇಲ್ಲೊಂದು ಇತ್ತು’ ಎಂಬ ನೆನಪಿಗೆಂದೇ ಇರುವ ಕೋಶಗಳಿವು. ಶೋಕದ ನರವಿಜ್ಞಾನವನ್ನು ಅಧ್ಯಯನ ಮಾಡುವ ಅಮೆರಿಕದ ಮೇರಿ-ಫ್ರಾನ್ಸಿಸ್ ಓಕಾನರ್ ಅವರ ಪ್ರಕಾರ ಶೋಕಿಸುವುದೆಂದರೆ ಮಿದುಳು ಹೊಸ ಲೋಕವನ್ನು ಕಲಿಯುವುದು. ಹಳೆಯ ನಿರೀಕ್ಷೆ ಮತ್ತೆ ಮತ್ತೆ ಸುಳ್ಳಾಗಿ, ಮಿದುಳು ತನ್ನ ನಕ್ಷೆಯನ್ನು ನಿಧಾನವಾಗಿ ತಿದ್ದಿಕೊಳ್ಳುತ್ತದೆ. ಆ ಕಲಿಕೆಗೆ ಸಮಯ ಬೇಕು. ಖಾಲಿ ಗೂಟ ಕಂಡಾಗಲೆಲ್ಲ ಎದೆ ಹಿಂಡುವುದು ಅದಕ್ಕೇ.

ಒಪ್ಪಿಗೆ ಸಿಗದ ಶೋಕ

ಸಮಾಜ ಮಾನ್ಯ ಮಾಡದ, ಬಹಿರಂಗವಾಗಿ ಅಳಲು ಅವಕಾಶ ಕೊಡದ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಲ್ಲಿ ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಸಾಕುಪ್ರಾಣಿಯ ಸಾವು ಇದಕ್ಕೆ ಸ್ಪಷ್ಟ ಉದಾಹರಣೆ. ಇಲ್ಲಿ ಸೂತಕವಿಲ್ಲ, ರಜೆಯಿಲ್ಲ, ಮಾತಾಡಿಸಲು ಬರುವ ನೆಂಟರಿಲ್ಲ. ನೋವು ಇರುತ್ತದೆ, ಅದಕ್ಕೆ ಸಾಕ್ಷಿ ಇರುವುದಿಲ್ಲ. ಜೊತೆಗೆ ಅಪರಾಧಿ ಭಾವ ಸೇರುತ್ತದೆ: ಒಂದು ದಿನ ಮೊದಲು ಡಾಕ್ಟರನ್ನು ಕರೆಸಬೇಕಿತ್ತು, ಆ ಹೊಲದಲ್ಲಿ ಮೇಯಲು ಬಿಡಬಾರದಿತ್ತು, ಸಾಲ ಮಾಡಿಯಾದರೂ ಔಷಧಿ ತರಬೇಕಿತ್ತು. ಮಾತು ಬಾರದ ಜೀವ ತನ್ನನ್ನೇ ನಂಬಿತ್ತು ಎಂಬ ಅರಿವು ಈ ಭಾವವನ್ನು ಇನ್ನಷ್ಟು ಚೂಪಾಗಿಸುತ್ತದೆ.

2022ರಲ್ಲಿ ಚರ್ಮಗಂಟು ರೋಗ ಕರ್ನಾಟಕಕ್ಕೆ ಹಬ್ಬಿದಾಗ ಹೆಚ್ಚು ಬಾಧೆಗೊಳಗಾದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ವೈರಾಣು ರೋಗ ಮನುಷ್ಯರಿಗೆ ತಗಲುವುದಿಲ್ಲ. ಆದರೆ ಮೈತುಂಬ ಗಂಟೆದ್ದು, ಜ್ವರದಿಂದ ಮೇವು ಬಿಟ್ಟು, ಕಣ್ಣೆದುರೇ ಸೊರಗುವ ದನವನ್ನು ನೋಡುತ್ತ ಕೂತ ಮನೆಗಳ ಮನಸ್ಸಿಗೆ ತಗಲಿದ್ದು ಲೆಕ್ಕಕ್ಕೆ ಬರಲಿಲ್ಲ. ಪರಿಹಾರದ ಅರ್ಜಿಯಲ್ಲಿ ಎತ್ತಿನ ಬೆಲೆಗೆ ಜಾಗವಿರುತ್ತದೆ, ದುಃಖಕ್ಕೆ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಅದನ್ನು ಲೆಕ್ಕಕ್ಕೆ ತಂದ ನಿದರ್ಶನವಿದೆ. 2001ರ ಕಾಲುಬಾಯಿ ರೋಗದಲ್ಲಿ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಮ್ಯಾಗಿ ಮಾರ್ಟ್ ಮತ್ತು ಸಂಗಡಿಗರು ಕಂಬ್ರಿಯಾ ಪ್ರದೇಶದ 54 ಜನರಿಂದ 18 ತಿಂಗಳ ಕಾಲ ವಾರವಾರ ದಿನಚರಿ ಬರೆಸಿದರು. 2005ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಆ ವರದಿಯಲ್ಲಿ ರೈತರು ಮಾತ್ರವಲ್ಲ, ಪಶುವೈದ್ಯರು ಮತ್ತು ಇತರ ಗ್ರಾಮಸ್ಥರೂ ಬಂಧುವಿಯೋಗದಂಥ ದುಃಖ, ಮರುಕಳಿಸುವ ಭೀಕರ ನೆನಪು, ಮತ್ತೆ ರೋಗ ಬಂದೀತೆಂಬ ಭಯ ಇವುಗಳನ್ನು ತೋಡಿಕೊಂಡಿದ್ದಾರೆ. ದನಗಳ ರೋಗ ಬಂದಲ್ಲೆಲ್ಲ ಮನಸ್ಸಿನ ಆರೋಗ್ಯವನ್ನೂ ನೋಡಿಕೊಳ್ಳಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಸಾವಿರ ವರ್ಷದ ಹಿಂದಿನ ನಾಯಿಗಲ್ಲು

ಪ್ರಾಣಿಗಾಗಿ ಅಳುವುದು ಈಚಿನ ಪಟ್ಟಣದವರ ಶೋಕಿ ಎನ್ನುವವರು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 949-50ರ ಈ ಶಿಲಾಶಾಸನದಲ್ಲಿ ಗಂಗ ದೊರೆ ಎರಡನೆಯ ಬೂತುಗನ ವೀರ ಮಣಲೆರನ ವೃತ್ತಾಂತವಿದೆ. ತಕ್ಕೋಲದ ಕಾಳಗದಲ್ಲಿ ಅವನ ಪರಾಕ್ರಮವನ್ನು ಮೆಚ್ಚಿ ದೊರೆ ಬೇಕಾದ್ದನ್ನು ಕೇಳು ಎಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇಗುಲದ ಎದುರು ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿ ದತ್ತಿ ಬಿಡಲಾಯಿತು. ನಾಯಿ ಮತ್ತು ಹಂದಿ ಎದುರುಬದುರಾದ ಶಿಲ್ಪವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೆರ ಮಾಡಿದ್ದನ್ನು ಇಂದಿನ ಮನೋವಿಜ್ಞಾನ ಸರಿಯೆನ್ನುತ್ತದೆ. ಸತ್ತವರನ್ನು ಮರೆತರೆ ಮಾತ್ರ ಚೇತರಿಕೆ ಎಂಬ ನಂಬಿಕೆ ಒಂದು ಕಾಲದಲ್ಲಿ ತಜ್ಞರಲ್ಲೂ ಇತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಹೋದ್ಯೋಗಿಗಳು, ಸತ್ತವರೊಡನೆ ಬೇರೆ ರೂಪದಲ್ಲಿ ನಂಟನ್ನು ಮುಂದುವರಿಸುವುದು ಸಹಜವೂ ಹಲವರಿಗೆ ಹಿತಕರವೂ ಹೌದೆಂದು ವಾದಿಸಿದರು. ಗೆಜ್ಜೆಸರವನ್ನು ಜೋಪಾನವಾಗಿ ಇಡುವುದು, ಮಣ್ಣು ಮಾಡಿದ ಜಾಗದಲ್ಲಿ ಒಂದು ಸಸಿ ನೆಡುವುದು, ಮಣ್ಣೆತ್ತಿನ ಅಮಾವಾಸ್ಯೆಯಂದು ಸತ್ತ ಎತ್ತಿನ ಹೆಸರು ಹೇಳಿ ಕೈಮುಗಿಯುವುದು ದೌರ್ಬಲ್ಯವಲ್ಲ.

ಮನೆಯವರು ಏನು ಮಾಡಬಹುದು?

ಮೊದಲನೆಯದಾಗಿ ವಿದಾಯ ಹೇಳಬೇಕು. ಅದು ಸುರಕ್ಷಿತವಾಗಿಯೂ ಇರಬೇಕು. ದನ ಹಠಾತ್ತನೆ ಸತ್ತು ಮೂಗು, ಬಾಯಿ, ಗುದದ್ವಾರದಿಂದ ರಕ್ತ ಬಂದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಶಂಕೆಯಿರುತ್ತದೆ. ಕಳೇಬರವನ್ನು ಮುಟ್ಟಬಾರದು, ಕೊಯ್ಯಲೇಬಾರದು. ಗಾಳಿ ತಾಗಿದ ರೋಗಾಣು ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತದೆ. ಹುಚ್ಚು ಹಿಡಿದ ಲಕ್ಷಣವಿದ್ದ ನಾಯಿಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಅದು ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಶುವೈದ್ಯರನ್ನು ಕರೆಸಿ, ಅವರು ಹೇಳಿದಂತೆ ಬಾವಿ, ಕೆರೆಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮಣ್ಣು ಮಾಡಬೇಕು.

ಮಕ್ಕಳಿಗೆ ‘ಮಲಗಿದೆ’, ‘ಊರಿಗೆ ಹೋಗಿದೆ’ ಎಂದು ಹೇಳಬೇಡಿ. ಸತ್ತ ಜೀವ ಮರಳಿ ಬಾರದು ಎಂಬ ತಿಳಿವಳಿಕೆ ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳನೆಯ ವಯಸ್ಸಿನೊಳಗೆ ಗಟ್ಟಿಯಾಗುತ್ತದೆ. ಅದಕ್ಕೂ ಚಿಕ್ಕವರು ‘ಮಲಗಿದೆ’ ಎಂಬ ಮಾತನ್ನು ನಂಬಿ ಕಾಯುತ್ತಾರೆ, ಕೆಲವರು ನಿದ್ದೆಗೇ ಹೆದರುತ್ತಾರೆ. ಸತ್ತಿದೆ ಎಂದು ನೇರವಾಗಿ ಹೇಳಿ, ಅದು ಅವರ ತಪ್ಪಿನಿಂದಲ್ಲ ಎಂದೂ ಹೇಳಿ, ಜೊತೆಗೆ ಕೂತು ಅಳಲು ಬಿಡಿ.

ಮನೆಯ ಇನ್ನೊಂದು ಪ್ರಾಣಿಯನ್ನೂ ಗಮನಿಸಿ. 2022ರಲ್ಲಿ ಪ್ರಕಟವಾದ, ಇಟಲಿಯ 426 ನಾಯಿ ಸಾಕಣೆದಾರರ ಸಮೀಕ್ಷೆಯಲ್ಲಿ, ಜೊತೆಗಾರ ನಾಯಿ ಸತ್ತ ಮೇಲೆ ಉಳಿದ ನಾಯಿ ಆಟ ಕಡಿಮೆ ಮಾಡಿತು, ಒಡೆಯರ ಗಮನವನ್ನು ಹೆಚ್ಚು ಬಯಸಿತು ಎಂದು ಬಹುಪಾಲು ಜನ, ಆಹಾರ ಕಡಿಮೆ ಮಾಡಿತು, ಹೆಚ್ಚು ಮಲಗಿತು ಎಂದು ಹಲವರು ಹೇಳಿದ್ದಾರೆ.

ದುಃಖಪಡುವುದು, ಕೆಲಸಕ್ಕೆ ಮರಳುವುದು ಎರಡೂ ಸರದಿಯಲ್ಲಿ ನಡೆಯಲಿ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದಂತೆ, ಆರೋಗ್ಯಕರ ಶೋಕ ಇವೆರಡರ ನಡುವೆ ಓಲಾಡುತ್ತದೆ. ಬೆಳಿಗ್ಗೆ ಅತ್ತು ಮಧ್ಯಾಹ್ನ ನಕ್ಕರೆ ಅದು ದ್ರೋಹವಲ್ಲ. ಹೊಸ ಎತ್ತನ್ನು ಯಾವಾಗ ತರಬೇಕೆಂಬುದನ್ನು ಬೇಸಾಯದ ಅಗತ್ಯ ನಿರ್ಧರಿಸಲಿ, ಆದರೆ ಹಳೆಯದರ ಜಾಗ ತುಂಬಲೇಬೇಕೆಂಬ ಹೊರೆಯನ್ನು ಹೊಸದರ ಮೇಲೆ ಹೊರಿಸಬೇಡಿ.

ವಾರಗಳು ಕಳೆದರೂ ನಿದ್ದೆ, ಊಟ, ದುಡಿಮೆ ಹಳಿಗೆ ಬಾರದಿದ್ದರೆ, ಕುಡಿತ ಹೆಚ್ಚಿದರೆ, ಬದುಕೇ ಬೇಡವೆನಿಸಿದರೆ ವೈದ್ಯರ ನೆರವು ಬೇಕು. ಸಾಯುವ ಯೋಚನೆ ಸುಳಿದರೆ ವಾರ ಕಾಯಬಾರದು, ಅದೇ ದಿನ ಮಾತಾಡಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ‘ನಾಯಿ ಸತ್ತದ್ದಕ್ಕೆ ಫೋನ್ ಮಾಡುವುದೇ’ ಎಂಬ ಸಂಕೋಚ ಬೇಡ. ನೋವಿಗೆ ಕಾರಣ ಯಾವುದೇ ಇರಲಿ, ಕೇಳಲೆಂದೇ ಇರುವ ವ್ಯವಸ್ಥೆ ಅದು.

ಆದರೆ ಎಲ್ಲಕ್ಕಿಂತ ಮೊದಲ ನೆರವು ನೆರೆಮನೆಯಿಂದ ಬರಬೇಕು. ನಿಮ್ಮ ಓಣಿಯಲ್ಲಿ ಯಾರದಾದರೂ ಎತ್ತೋ ಆಕಳೋ ನಾಯಿಯೋ ಸತ್ತರೆ ಆ ಮನೆಗೆ ಹೋಗಿ. ಇನ್ನೊಂದು ತರುವ ಮಾತು ಬೇಡ. “ಭಾಳ ಚಲೋ ಇತ್ತು ನೋಡವ್ವಾ ನಿಮ್ಮ ಎತ್ತು” ಎಂದು ಹೇಳಿ, ಅವರು ಅದರ ಬಗ್ಗೆ ಮಾತಾಡಲು ತೊಡಗಿದರೆ ಕೂತು ಪೂರ್ತಿ ಕೇಳಿ.