ಧರ್ಮದಲ್ಲಿ ಪ್ರಶ್ನೆ ಕೇಳಬಹುದೇ? ಶಂಕೆ ಬೇರೆ, ಪೃಚ್ಛನೆ ಬೇರೆ

ಭಾನುವಾರದ ಪಾಠಶಾಲೆ ಮುಗಿಸಿ ಮನೆಗೆ ಬಂದ ಹುಡುಗ ಲೆಕ್ಕ ಹಾಕುತ್ತಾನೆ. ಆದಿನಾಥ ತೀರ್ಥಂಕರರ ಎತ್ತರ 500 ಧನುಸ್ಸು. ಒಂದು ಧನುಸ್ಸಿಗೆ ನಾಲ್ಕು ಮೊಳ. ಅಲ್ಲಿಗೆ 2000 ಮೊಳ. ಮೊಳಕ್ಕೆ ಒಂದೂವರೆ ಅಡಿಯಂತೆ 3000 ಅಡಿ.

"ತಾತ, ಬೆಳಗೊಳದ ಗೊಮ್ಮಟೇಶ್ವರನ ಮೂರ್ತಿಯೇ 58 ಅಡಿ. ಮೂರು ಸಾವಿರ ಅಡಿ ಎತ್ತರದ ಮನುಷ್ಯ ಇರೋಕೆ ಆಗುತ್ತಾ?"

"ಹಾಗೆಲ್ಲ ಕೇಳಬಾರದು ಮಗು. ಶಂಕೆ ಪಟ್ಟರೆ ಸಮ್ಯಕ್ತ್ವಕ್ಕೆ ದೋಷ ಬರುತ್ತೆ."

ಹುಡುಗ ಸುಮ್ಮನಾಗುತ್ತಾನೆ. ಪ್ರಶ್ನೆ ಮಾತ್ರ ಸುಮ್ಮನಾಗುವುದಿಲ್ಲ. ಊರು ಬಿಟ್ಟು ಬಂದು ಹೆಗ್ಗನಹಳ್ಳಿ, ಸುಂಕದಕಟ್ಟೆ, ಪೀಣ್ಯದ ಕಡೆ ನೆಲೆಸಿದ ಮನೆಗಳಲ್ಲಿ ಈಗ ಇಂಥ ಮಾತು ಹೊಸದಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4 ಲಕ್ಷ 40 ಸಾವಿರ, ಅಂದರೆ ನೂರು ಜನರಲ್ಲಿ ಒಬ್ಬರೂ ಇಲ್ಲ. ನಮ್ಮ ಮಕ್ಕಳು ಶಾಲೆ, ಕಾಲೇಜು, ಕಾರ್ಖಾನೆ ಎಲ್ಲೇ ಹೋಗಲಿ, ಬೇರೆ ನಂಬಿಕೆಯವರ ನಡುವೆಯೇ ಬೆಳೆಯುತ್ತಾರೆ. ಪ್ರಶ್ನೆ ಹೇಗೂ ಏಳುತ್ತದೆ. ಮನೆಯಲ್ಲಿ ಉತ್ತರ ಸಿಗದಿದ್ದರೆ ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ ಉತ್ತರ ಯಾರದು ಎಂದು ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ಹಾಗಾದರೆ ನಂಬಿಕೆ ಇರುವ ಶ್ರಾವಕ ತನ್ನ ಧರ್ಮವನ್ನು ಪ್ರಶ್ನಿಸಬಹುದೇ? ಎದುರು ಪಕ್ಷದ ಮಾತನ್ನು ಕೇಳಬಹುದೇ? ಈ ವಿಷಯದಲ್ಲಿ ನಮ್ಮ ಶಾಸ್ತ್ರ ಏನು ಹೇಳುತ್ತದೆ ಎಂದು ನೋಡೋಣ.

ತಾತನ ಮಾತಿಗೆ ಇರುವ ಆಧಾರ

ಮೊದಲಿಗೆ, ತಾತ ಸುಳ್ಳು ಹೇಳಲಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದೇ ನಿಃಶಂಕಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಮ್ಯಗ್ದೃಷ್ಟಿಯ ಐದು ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಮೊದಲು ಹೇಳುವುದು ಶಂಕೆಯನ್ನೇ. ನಂತರ ಕಾಂಕ್ಷೆ ಮತ್ತು ವಿಚಿಕಿತ್ಸೆ. ಕೊನೆಯ ಎರಡು, ಅನ್ಯದೃಷ್ಟಿಯವರನ್ನು ಮನಸ್ಸಿನಲ್ಲಿ ಮೆಚ್ಚುವುದು ಮತ್ತು ಮಾತಿನಲ್ಲಿ ಹೊಗಳುವುದು. ಇಷ್ಟನ್ನು ಮಾತ್ರ ಓದಿದವರಿಗೆ, ಪ್ರಶ್ನೆಯೂ ಬೇಡ, ಬೇರೆಯವರ ವಿಚಾರವೂ ಬೇಡ ಎಂದೇ ಅನಿಸುತ್ತದೆ.

ಆದರೆ ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ತೆರೆದರೆ ಇನ್ನೊಂದು ಮಾತಿದೆ. ಅಲ್ಲಿ ಆರು ಅಂತರಂಗ ತಪಸ್ಸುಗಳನ್ನು ಹೇಳಿದೆ. ಅವುಗಳಲ್ಲಿ ಸ್ವಾಧ್ಯಾಯ ಒಂದು. ಸ್ವಾಧ್ಯಾಯಕ್ಕೆ ಐದು ಭೇದ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಇವುಗಳಲ್ಲಿ ಎರಡನೆಯದಾದ ಪೃಚ್ಛನೆ ಎಂದರೆ ಪ್ರಶ್ನೆ ಕೇಳುವುದು. ಉಪವಾಸದಂತೆ, ಪ್ರಾಯಶ್ಚಿತ್ತದಂತೆ, ತಿಳಿದವರ ಮುಂದೆ ಪ್ರಶ್ನೆ ಇಡುವುದನ್ನೂ ನಮ್ಮ ಧರ್ಮ ತಪಸ್ಸಿನಲ್ಲಿ ಸೇರಿಸಿದೆ.

ಎರಡಕ್ಕೂ ಇರುವ ವ್ಯತ್ಯಾಸ

ಒಂದೇ ಗ್ರಂಥ ಒಂದು ಕಡೆ ದೋಷ ಎಂದು, ಇನ್ನೊಂದು ಕಡೆ ತಪಸ್ಸು ಎಂದು ಹೇಳಿದ್ದು ಹೇಗೆ? ವ್ಯತ್ಯಾಸ ಇರುವುದು ಕೇಳುವವನ ಉದ್ದೇಶದಲ್ಲಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪೃಚ್ಛನೆಗೆ ಎರಡು ಕಾರಣ ಕೊಡುತ್ತಾರೆ: ಸಂಶಯವನ್ನು ಕಳೆದುಕೊಳ್ಳಲು, ಇಲ್ಲವೇ ತಿಳಿದದ್ದನ್ನು ಇನ್ನೂ ಗಟ್ಟಿ ಮಾಡಿಕೊಳ್ಳಲು. ಅಕಲಂಕದೇವರು ರಾಜವಾರ್ತಿಕದಲ್ಲಿ ಇದಕ್ಕೆ ಎಚ್ಚರಿಕೆಯನ್ನೂ ಸೇರಿಸಿದ್ದಾರೆ. ತಾನು ದೊಡ್ಡವನೆನಿಸಿಕೊಳ್ಳಲು, ಎದುರಿನವನನ್ನು ಸಿಕ್ಕಿಸಲು, ಗೇಲಿ ಮಾಡಲು ಕೇಳುವ ಪ್ರಶ್ನೆ ಪೃಚ್ಛನೆಯಾಗದು.

ಗಮನಿಸಬೇಕಾದ ಸಂಗತಿ ಇದು. ಪೃಚ್ಛನೆ ಬೇಕಾಗುವುದೇ ಸಂಶಯ ಇರುವವನಿಗೆ. ಅಂದರೆ ಮನಸ್ಸಿನಲ್ಲಿ ಸಂಶಯ ಏಳುವುದು ಸಹಜ ಎಂದು ಆಚಾರ್ಯರು ಒಪ್ಪಿಕೊಂಡೇ ಮಾತಾಡುತ್ತಾರೆ. ಸಂಶಯವನ್ನು ಒಳಗೇ ಇಟ್ಟುಕೊಂಡು ಕೊಳೆಸಿದರೆ ಅದು ಶಂಕೆಯಾಗಿ ಉಳಿಯುತ್ತದೆ. ಬಾಯಿಬಿಟ್ಟು ಕೇಳಿದರೆ ಸ್ವಾಧ್ಯಾಯವಾಗುತ್ತದೆ. ಹುಡುಗನನ್ನು ಸುಮ್ಮನಾಗಿಸಿದಾಗ ನಾವು ಶಂಕೆಯನ್ನು ತಡೆದಂತಾಗಲಿಲ್ಲ, ಪೃಚ್ಛನೆಯನ್ನು ತಡೆದಂತಾಯಿತು.

ಭಗವಾನ್ ಮಹಾವೀರರ ಮೊದಲ ಗಣಧರ ಇಂದ್ರಭೂತಿ ಗೌತಮರು ಸಮವಸರಣಕ್ಕೆ ಬಂದದ್ದು ಭಕ್ತರಾಗಿ ಅಲ್ಲ. ವಿದ್ಯೆಯ ಗರ್ವ ಹೊತ್ತು, ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡು ಬಂದವರು. ಶ್ವೇತಾಂಬರ ಪರಂಪರೆಯಲ್ಲಿ ಹನ್ನೊಂದು ಗಣಧರರಿಗೂ ಒಂದೊಂದು ಸಂಶಯವಿತ್ತು, ಭಗವಂತರು ಅವನ್ನು ಒಂದೊಂದಾಗಿ ಬಿಡಿಸಿದರು ಎಂದಿದೆ. ಭಗವತೀಸೂತ್ರದಲ್ಲಿ 36,000 ಪ್ರಶ್ನೆಗಳಿದ್ದವೆಂದು ಅದೇ ಪರಂಪರೆ ಹೇಳುತ್ತದೆ. ಇವತ್ತಿಗೂ ಮುನಿಸಂಘಗಳ ಕಾರ್ಯಕ್ರಮಗಳಲ್ಲಿ 'ಶಂಕಾ ಸಮಾಧಾನ' ಎಂಬ ಹೆಸರಿನಲ್ಲೇ ಸಭೆ ನಡೆಯುತ್ತದೆ.

ಪ್ರಶ್ನೆ ಕೇಳದಿರುವುದೂ ದೋಷ

ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆ, ದೇವಮೂಢತೆ, ಗುರುಮೂಢತೆ ಎಂದು ಮೂರು ಮೂಢತೆಗಳನ್ನು ತಿಳಿಸಿ, ಸಮ್ಯಗ್ದರ್ಶನ ಇವುಗಳಿಂದ ದೂರ ಇರಬೇಕು ಎನ್ನುತ್ತಾರೆ. ಎಲ್ಲರೂ ಮಾಡುತ್ತಾರೆಂದು ಮಾಡುವುದು, ವರ ಸಿಗುತ್ತದೆಂದು ಪೂಜಿಸುವುದು, ವೇಷ ನೋಡಿ ಗುರುವೆಂದು ಒಪ್ಪುವುದು ಮೂರೂ ಇದರಲ್ಲಿ ಬರುತ್ತವೆ. ಪರೀಕ್ಷೆ ಮಾಡದೆ ಈ ಮೂರನ್ನು ಬಿಡುವುದಾದರೂ ಹೇಗೆ?

ಮಿಥ್ಯಾತ್ವವನ್ನು ವಿವರಿಸುವಾಗ ಪೂಜ್ಯಪಾದರು ಐದು ಬಗೆ ಹೇಳಿದ್ದಾರೆ: ಏಕಾಂತ, ವಿಪರೀತ, ಸಂಶಯ, ವೈನಯಿಕ, ಅಜ್ಞಾನ. ಸಂಶಯ ಇಲ್ಲಿದೆ, ನಿಜ. ಆದರೆ ಒಂದೇ ಮಗ್ಗುಲನ್ನು ಹಿಡಿದು ಹಠ ಮಾಡುವ ಏಕಾಂತವೂ ಇದೆ. ಎಲ್ಲ ದೇವರೂ ಒಂದೇ, ಎಲ್ಲ ಮತವೂ ಒಂದೇ ಎಂದು ವಿಚಾರ ಮಾಡದೆ ಕೈಮುಗಿಯುವ ವೈನಯಿಕವೂ ಇದೆ. ಹಿತ ಯಾವುದು, ಅಹಿತ ಯಾವುದು ಎಂದು ತೂಗಿ ನೋಡದ ಅಜ್ಞಾನವೂ ಇದೆ. ಅನೇಕಾಂತವೆಂದರೆ ಎಲ್ಲರ ಮಾತೂ ಸರಿ ಎಂದಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ ಸರಿ ಎಂದು ಬಿಡಿಸಿ ನೋಡುವುದು. ಹಾಗೆ ನೋಡಬೇಕಾದರೆ ಎದುರಿನವರು ಏನು ಹೇಳುತ್ತಾರೆ ಎಂದು ಮೊದಲು ಪೂರ್ತಿ ಕೇಳಬೇಕು. ಕೇಳಿ ತಿಳಿಯುವುದು ಬೇರೆ, ಹೊಗಳಿ ಅತ್ತ ವಾಲುವುದು ಬೇರೆ.

ಆಪ್ತನನ್ನೇ ಪರೀಕ್ಷಿಸಿದ ಆಚಾರ್ಯರು

ಈಗ ಹುಡುಗನ 3000 ಅಡಿಯ ಪ್ರಶ್ನೆಗೆ ಬರೋಣ. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆ 114 ಶ್ಲೋಕಗಳ ಸಣ್ಣ ಗ್ರಂಥ. ಅದಕ್ಕೆ ಅಕಲಂಕರು ಅಷ್ಟಶತಿ, ವಿದ್ಯಾನಂದರು ಅಷ್ಟಸಹಸ್ರಿ ಎಂಬ ಟೀಕೆಗಳನ್ನು ಬರೆದರು. ಆಚಾರ್ಯರು ಗ್ರಂಥವನ್ನು ಆರಂಭಿಸುವುದೇ ಜಿನನ ಮುಂದೆ ಒಂದು ನೇರ ಮಾತನ್ನಿಟ್ಟು. ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು ಇವೆಲ್ಲ ಮಾಯಾವಿಗಳಲ್ಲೂ ಕಾಣುತ್ತವೆ, ಅದಕ್ಕಾಗಿ ನೀನು ದೊಡ್ಡವನಲ್ಲ ಎಂಬುದು ಅದರ ಸಾರ. ಮುಂದಿನ ಮಾತು ಇನ್ನೂ ಮುಖ್ಯ. ದೇಹದ ಅತಿಶಯವೂ ಶ್ರೇಷ್ಠತೆಗೆ ಪ್ರಮಾಣವಲ್ಲ, ಏಕೆಂದರೆ ಅದು ರಾಗವುಳ್ಳ ಸ್ವರ್ಗದ ದೇವತೆಗಳಿಗೂ ಇರುತ್ತದೆ. ಜಿನನು ಆಪ್ತನಾಗುವುದು ದೋಷಗಳನ್ನು ಕಳೆದುಕೊಂಡದ್ದರಿಂದ, ಅವನ ವಚನ ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದೆ ನಿಲ್ಲುವುದರಿಂದ.

ಇದೇ ಆಚಾರ್ಯರು ಪಾಟಲಿಪುತ್ರದಿಂದ ಕಂಚಿ, ಕರಹಾಟಕದವರೆಗೆ ವಾದಕ್ಕೆ ಕರೆಕೊಡುತ್ತ ಸಂಚರಿಸಿದ್ದನ್ನು ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನ ಹೇಳುತ್ತದೆ. ಎದುರು ಪಕ್ಷದ ಮಾತು ಕೇಳಲು ಹೆದರಿದವರು ಹೀಗೆ ಊರೂರು ತಿರುಗುತ್ತಿರಲಿಲ್ಲ.

ಕನ್ನಡದ ಪರೀಕ್ಷಾ ಗ್ರಂಥಗಳು

ಕನ್ನಡದಲ್ಲಂತೂ 'ಪರೀಕ್ಷೆ' ಎಂಬ ಹೆಸರಿನಲ್ಲೇ ಜೈನ ಕೃತಿಗಳಿವೆ. 12ನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆ ಆ ಕಾಲದ ಮತಗಳನ್ನೂ ಜನರ ಮೂಢನಂಬಿಕೆಗಳನ್ನೂ ವಿಮರ್ಶಿಸುತ್ತದೆ. 14ನೆಯ ಶತಮಾನದ ವೃತ್ತವಿಲಾಸ, ಅಮಿತಗತಿಯ ಸಂಸ್ಕೃತ ಕೃತಿಯನ್ನು ಅನುಸರಿಸಿ ಧರ್ಮಪರೀಕ್ಷೆ ಬರೆದ. ಅದರಲ್ಲಿ ಮನೋವೇಗನು ಗೆಳೆಯ ಪವನವೇಗನನ್ನು ಪಾಟಲಿಪುತ್ರಕ್ಕೆ ಕರೆದೊಯ್ದು, ವಿದ್ವಾಂಸರ ಸಭೆಯಲ್ಲಿ ನಂಬಲಾಗದ ಕಥೆಗಳನ್ನು ಹೇಳುತ್ತಾನೆ. ಅವರು ಇದು ಸಾಧ್ಯವಿಲ್ಲ ಎಂದಾಗ, ನಿಮ್ಮ ಪುರಾಣದಲ್ಲೂ ಇಂಥದೇ ಇದೆಯಲ್ಲ ಎಂದು ತೋರಿಸುತ್ತಾನೆ.

ಇವು ಆ ಕಾಲದ ವಾದದ ಗ್ರಂಥಗಳು. ಮಾತು ಕೆಲವು ಕಡೆ ಬಿರುಸಾಗಿದೆ. ಇವನ್ನು ಹಿಡಿದು ಇಂದು ನೆರೆಹೊರೆಯವರನ್ನು ಹೀಗಳೆಯುವುದು ಸಲ್ಲದು. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮನೋವೇಗ ಬೇರೆಯವರನ್ನು ಕೇಳಿದ ಪ್ರಶ್ನೆಯನ್ನೇ ಈಗ ನಮ್ಮ ಮನೆಯ ಹುಡುಗ ನಮ್ಮನ್ನು ಕೇಳುತ್ತಿದ್ದಾನೆ. ಕೊಡುವಾಗ ಒಂದು ತಕ್ಕಡಿ, ಕೊಳ್ಳುವಾಗ ಒಂದು ತಕ್ಕಡಿ ಇಟ್ಟುಕೊಂಡರೆ ಅಂಗಡಿಯಲ್ಲೇ ಅದು ಅಚೌರ್ಯ ವ್ರತಕ್ಕೆ ಅತಿಚಾರ. ಧರ್ಮದ ವಿಚಾರದಲ್ಲಿ ಅದು ಸರಿಯಾಗುವುದು ಹೇಗೆ?

ಮುಚ್ಚಿಟ್ಟದ್ದು, ತೆರೆದದ್ದು

ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಕಾಪಾಡಿದವರ ಋಣ ದೊಡ್ಡದು. ಆದರೆ ಜನರಿಗೆ ಅವುಗಳ ದರ್ಶನವಷ್ಟೇ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಗಜಪತಿ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುತ್ತಿದ್ದಾಗ, ಅವರ ಪತ್ನಿ ಲಕ್ಷ್ಮೀಬಾಯಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿದರು. ಹಾಗೆ ಹೊರಗೆ ಬಂದ ಪ್ರತಿಯಿಂದಲೇ ಮುಂದಿನ ಪ್ರತಿಗಳಾದವು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ನಮ್ಮ ಸದಲಗಾದ ಡಾ. ಆ.ನೇ. ಉಪಾಧ್ಯೆಯವರೂ ಆ ಕೆಲಸಕ್ಕೆ ನೆರವಾದರು. ಗೃಹಸ್ಥರಿಗೆ ಸಿದ್ಧಾಂತಗ್ರಂಥ ಓದುವ ಅಧಿಕಾರವಿಲ್ಲ ಎಂಬ ಆಕ್ಷೇಪವೂ ಆಗ ಬಂತು. ಮುಂದೆ ಮೂಡುಬಿದಿರೆಯವರೇ ಮೂಲದೊಂದಿಗೆ ತಾಳೆ ನೋಡಲು ಸಹಕರಿಸಿದರು. 16 ಸಂಪುಟಗಳಲ್ಲಿ ಧವಲಾ ಪೂರ್ತಿಯಾಯಿತು. ಗೃಹಸ್ಥರು ಓದಿದ್ದರಿಂದ ಸಿದ್ಧಾಂತಕ್ಕೆ ಯಾವ ಹಾನಿಯೂ ಆಗಲಿಲ್ಲ.

ಎದುರು ಪಕ್ಷ ಬಾಗಿಲಿಗೆ ಬಂದಾಗ

10 ಆಗಸ್ಟ್ 2015ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪು ಕೊಟ್ಟಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಆ ದಿನಗಳಲ್ಲಿ ಕಚೇರಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯಲ್ಲಿ ಜನ ನಮ್ಮವರನ್ನು ಕೇಳಿದರು. 'ನಮ್ಮ ಧರ್ಮದಲ್ಲಿ ಹಾಗಿದೆ' ಎಂಬುದು ಕೇಳಿದವರಿಗೆ ಉತ್ತರವಾಗಲಿಲ್ಲ. ಆದರೆ ಇದು ಆತ್ಮವಧೆಯಲ್ಲವೇ ಎಂಬ ಆಕ್ಷೇಪವನ್ನು ಪೂಜ್ಯಪಾದರು ಸುಮಾರು 1500 ವರ್ಷಗಳ ಹಿಂದೆ ತಾವೇ ಎತ್ತಿ, ರಾಗ, ದ್ವೇಷ, ಮೋಹಗಳಿಂದ ಮಾಡುವುದು ಆತ್ಮವಧೆ, ಇಲ್ಲಿ ಅವು ಇಲ್ಲ ಎಂದು ಉತ್ತರಿಸಿದ್ದಾರೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಬಂದಾಗ ಮಾತ್ರ ಎಂಬ ನಿಬಂಧನೆ ರತ್ನಕರಂಡಕದಲ್ಲಿದೆ. ಇದನ್ನು ಓದಿದ್ದವರು ಶಾಂತವಾಗಿ ಉತ್ತರ ಕೊಡಬಹುದಿತ್ತು.

ಮನೆಯಲ್ಲಿ ಏನು ಮಾಡಬಹುದು

ಮಗು ಪ್ರಶ್ನೆ ಕೇಳಿದಾಗ ಮೂರನ್ನು ಬೇರೆ ಮಾಡಿ ಹೇಳಿ: ಶಾಸ್ತ್ರದಲ್ಲಿ ಇರುವುದು ಯಾವುದು, ಯುಕ್ತಿಯಿಂದ ತೋರಿಸಬಹುದಾದದ್ದು ಯಾವುದು, ಬರೀ ನಮ್ಮ ಮನೆತನದ ರೂಢಿ ಯಾವುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಅದರಿಂದ ಹಿರಿತನ ಕಡಿಮೆಯಾಗುವುದಿಲ್ಲ, ಸತ್ಯವ್ರತ ಉಳಿಯುತ್ತದೆ. ಮನೆಯಲ್ಲಿ ಒಂದು ನೋಟ್ ಪುಸ್ತಕ ಇಟ್ಟು ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಡಿ. ಚಾತುರ್ಮಾಸದಲ್ಲಿ ಪೂಜ್ಯರ ದರ್ಶನಕ್ಕೆ ಹೋದಾಗ ಮಗುವೇ ವಿನಯದಿಂದ ಕೇಳಲಿ. ಬೇರೆ ಧರ್ಮದ ಗೆಳೆಯ ಏನೋ ಹೇಳಿದ ಎಂದರೆ ಗದರಬೇಡಿ, ಅವನು ಹೇಳಿದ್ದನ್ನು ಮೊದಲು ಸರಿಯಾಗಿ ಹೇಳಿಸಿ.

ಆ ತಾತ ಹೀಗೆ ಹೇಳಬಹುದಿತ್ತು: "ಆದಿಪುರಾಣ ಓದಿದವರು ಹೇಳೋ ಅಳತೆ ಅದು ಮಗು. ಈಗಿನ ವಿಜ್ಞಾನದಲ್ಲಿ ಅದಕ್ಕೆ ಪುರಾವೆ ಇಲ್ಲ, ನೀನು ಕೇಳಿದ್ದರಲ್ಲಿ ತಪ್ಪೂ ಇಲ್ಲ. ಆದರೆ ನಾವು ಆದಿನಾಥರಿಗೆ ಕೈಮುಗಿಯೋದು ಎತ್ತರಕ್ಕಲ್ಲ. ರಾಜ್ಯ ಬಿಟ್ಟು, ರಾಗ-ದ್ವೇಷ ಗೆದ್ದದ್ದಕ್ಕೆ. ಸಮಂತಭದ್ರಾಚಾರ್ಯರೂ ಇದನ್ನೇ ಹೇಳಿದ್ದಾರೆ. ಬಾ, ಈ ಪ್ರಶ್ನೆ ಬರೆದಿಡೋಣ. ಮಹಾರಾಜರು ಬಂದಾಗ ನೀನೇ ಕೇಳು, ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ತೀನಿ."