ಹಳೆಯ ಸಿಪಾಯಿಗಳೂ ಸ್ಮಾರಕಯಾತ್ರೆಯೂ

ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕರು ರಂಗನಾಥಸ್ವಾಮಿಯ ದರ್ಶನವನ್ನು ಮಾಡಿ, ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ, ಸಂಗಮದಲ್ಲಿ ಕಾಲು ತೊಳೆದುಕೊಂಡು ಹಿಂದಿರುಗುವರು. 1799ನೆಯ ಇಸವಿ ಮೇ ತಿಂಗಳ 4ನೆಯ ತಾರೀಕು ಇಂಗ್ಲಿಷರು ಕೋಟೆಯ ಗೋಡೆಯನ್ನೊಡೆದು ಒಳನುಗ್ಗಿದ ಎಡೆಗೆ ಸಮೀಪದಲ್ಲಿ ನಿಂತಿರುವ ಕಲ್ಲಿನ ಸ್ತಂಭದ ಬಳಿಗೆ ಹೋಗುವವರು ವಿರಳ. ಅದನ್ನು 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರದವರು ನಿಲ್ಲಿಸಿದರು. ಆ ಮುತ್ತಿಗೆಯಲ್ಲಿ ಬಿದ್ದ ಇಂಗ್ಲಿಷ್ ಪಕ್ಷದ ಅಧಿಕಾರಿಗಳ ಹೆಸರುಗಳು ಅದರ ಮೇಲುಂಟು. ಅದೇ ದಿನ ತೋಪಿನ ಗುಂಡಿಗೆ ಬಲಿಯಾದ ಸೈಯದ್ ಗಫಾರನ ಕೈಕೆಳಗೆ ನಿಂತು ಕಾದಿದ ಸಿಪಾಯಿಯ ಹೆಸರನ್ನಾಗಲಿ, ಇಂಗ್ಲಿಷರ ಸಂಬಳವನ್ನುಂಡು ಅವರೊಡನೆ ಹೊಳೆಯನ್ನು ದಾಟಿದ ಮದರಾಸಿನ ಸಿಪಾಯಿಯ ಹೆಸರನ್ನಾಗಲಿ ನಾವು ಅಲ್ಲಿ ಕಂಡಿಲ್ಲ.

ಈ ಸ್ತಂಭವನ್ನು ಕುರಿತು ಜಗಳ ತೆಗೆಯುವುದು ನಮ್ಮ ಉದ್ದೇಶವಲ್ಲ. ನಾವು ಹೇಳಹೊರಟಿರುವುದು ಬದುಕಿರುವವರ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ, ದಂಡಿನಿಂದ ನಿವೃತ್ತರಾಗಿ ಬಂದು, ಕಬ್ಬಿನ ಗದ್ದೆಯನ್ನೋ ತೆಂಗಿನ ತೋಟವನ್ನೋ ನೋಡಿಕೊಂಡು, ಪಿಂಚಣಿಗಾಗಿ ಬ್ಯಾಂಕಿನ ಮೆಟ್ಟಲು ಹತ್ತುವ ವೃದ್ಧರನ್ನು ನಮ್ಮ ಓದುಗರು ಬಲ್ಲರು. 1962ರಲ್ಲಿ ಚೀಣೀಯರೊಡನೆ ಯುದ್ಧವಾದಾಗ ಇಪ್ಪತ್ತು ವರ್ಷದವನಾಗಿದ್ದವನಿಗೆ ಈಗ ಎಂಬತ್ತು ದಾಟಿದೆ. 1965ರವನು ಎಂಬತ್ತರ ನೆರೆಯಲ್ಲಿದ್ದಾನೆ. 1971ರಲ್ಲಿ ಪೂರ್ವಬಂಗಾಳದ ಕೆಸರಿನಲ್ಲಿ ನಡೆದ ಹುಡುಗನು ಎಪ್ಪತ್ತೈದರ ಆಸುಪಾಸಿನ ಮುದುಕನಾಗಿದ್ದಾನೆ. ತಮ್ಮ ಪಕ್ಕದಲ್ಲಿಯೇ ಗುಂಡು ತಗುಲಿ ಬಿದ್ದ ಒಡನಾಡಿಯ ಹೆಸರನ್ನು ದೇಶವು ಕಲ್ಲಿನಲ್ಲಿ ಕೆತ್ತಿಸಿರುವುದನ್ನು ಇವರಲ್ಲಿ ಎಷ್ಟು ಮಂದಿ ಕಣ್ಣಾರೆ ಕಂಡಿರುವರು? ಕಾಣದವರನ್ನು, ಸರ್ಕಾರದವರ ಅಪ್ಪಣೆಗೆ ಕಾಯದೆ, ಊರಿನವರೇ ಕರೆದುಕೊಂಡು ಹೋಗಿ ತೋರಿಸಿ ಸುಖವಾಗಿ ಮನೆ ಮುಟ್ಟಿಸಬೇಕೆಂಬುದು ನಮ್ಮ ಸೂಚನೆ.

ಇದು ನಮ್ಮ ತಲೆಯಲ್ಲಿ ಹುಟ್ಟಿದ ಯೋಚನೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರಿಗಾಗಿ ಅಮೆರಿಕದವರು ತಮ್ಮ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಸ್ಮಾರಕವನ್ನು ತೆರೆದದ್ದು 2004ರಲ್ಲಿ, ಅಂದರೆ ಯುದ್ಧವು ಮುಗಿದ ಐವತ್ತೊಂಬತ್ತು ವರ್ಷಗಳ ಮೇಲೆ. ಓಹಾಯೋ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹಳೆಯ ಸೈನಿಕರ ಚಿಕಿತ್ಸಾಲಯದಲ್ಲಿ ವೈದ್ಯಸಹಾಯಕನಾಗಿದ್ದ ಅರ್ಲ್ ಮೋರ್ಸ್ ಎಂಬವನು, ತನ್ನ ಬಳಿಗೆ ಬರುತ್ತಿದ್ದ ಮುದುಕರನ್ನು, ಸ್ಮಾರಕವನ್ನು ನೋಡಲು ಹೋಗುವಿರಾ ಎಂದು ವಿಚಾರಿಸಿದನು. ಹೋಗಬೇಕೆಂಬ ಆಸೆ ಇತ್ತು. ಹಣವೂ ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಈತನು ವಿಮಾನ ನಡೆಸಬಲ್ಲವನು. ತನ್ನ ಪರಿಚಯದ ವೈಮಾನಿಕರನ್ನು ಕೂಡಿಸಿಕೊಂಡು, 2005ರ ಮೇ ತಿಂಗಳಿನಲ್ಲಿ ಆರು ಚಿಕ್ಕ ವಿಮಾನಗಳಲ್ಲಿ ಹನ್ನೆರಡು ಮಂದಿ ವೃದ್ಧ ಸೈನಿಕರನ್ನು ಕರೆದೊಯ್ದನು. ಅಲ್ಲಿಂದ ಆ ಕಾರ್ಯವು ದೇಶದ ಮೂಲೆಮೂಲೆಗೂ ಹಬ್ಬಿತು. ಯೋಧನು ಒಂದು ಕಾಸನ್ನೂ ಕೊಡತಕ್ಕುದಿಲ್ಲ. ಅವನ ತೋಳು ಹಿಡಿದು ನಡೆಸುವ, ಗಾಲಿಕುರ್ಚಿಯನ್ನು ತಳ್ಳುವ ಸ್ವಯಂಸೇವಕನಾದರೋ ಸಾಮಾನ್ಯವಾಗಿ ತನ್ನ ಖರ್ಚನ್ನು ತಾನೇ ಹಾಕಿಕೊಳ್ಳುವನು. ಈ ಏರ್ಪಾಡಿನ ಹುರುಳೆಲ್ಲ ಈ ಕೊನೆಯ ಅಂಶದಲ್ಲಿದೆ. ಹಣವುಳ್ಳವನು ಚಂದಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಮತ್ತೊಬ್ಬರ ಮನೆಯ ಮುದುಕನ ಪಕ್ಕದಲ್ಲಿ ಇಡೀ ದಿನ ಕುಳಿತು ಅವನ ಮಾತ್ರೆಯ ಹೊತ್ತನ್ನು ನೆನಪಿಟ್ಟುಕೊಳ್ಳುವುದು ಕಷ್ಟ.

ಅಮೆರಿಕದವರು ತಡಮಾಡಿದರೆಂದು ನಾವು ನಗುವಂತಿಲ್ಲ. ಸ್ವತಂತ್ರ ಭಾರತವು ತನ್ನ ಸೈನಿಕರಿಗೆ ರಾಷ್ಟ್ರೀಯ ಯುದ್ಧಸ್ಮಾರಕವನ್ನು ದೆಹಲಿಯಲ್ಲಿ ತೆರೆದದ್ದು 2019ರ ಫೆಬ್ರವರಿ 25ರಂದು. ಸ್ವಾತಂತ್ರ್ಯ ಬಂದು ಎಪ್ಪತ್ತೊಂದು ವರ್ಷಗಳು ಕಳೆದಿದ್ದುವು. ಅಷ್ಟು ಕಾಲವೂ ನಮಗೆ ಇದ್ದುದು ಇಂಡಿಯಾ ಗೇಟು. ಅದು ಇಂಗ್ಲಿಷರು ತಮ್ಮ ಚಕ್ರಾಧಿಪತ್ಯಕ್ಕಾಗಿ ಮಡಿದವರ ನೆನಪಿಗೆಂದು ಕಟ್ಟಿ 1931ರಲ್ಲಿ ತೆರೆದ ದ್ವಾರ. ಬಾಂಗ್ಲಾ ಯುದ್ಧದ ತರುವಾಯ 1972ರ ಜನವರಿ 26ರಂದು ಅದರ ಕೆಳಗೆ ಅಮರ ಜವಾನ್ ಜ್ಯೋತಿಯನ್ನು ಹೊತ್ತಿಸಿ, ಪರರ ಕಮಾನಿನಡಿಯಲ್ಲಿ ನಮ್ಮ ದೀಪವನ್ನು ಉರಿಸಿದೆವು. 2022ರ ಜನವರಿ 21ರಂದು ಆ ಜ್ಯೋತಿಯನ್ನು ಹೊಸ ಸ್ಮಾರಕದ ಜ್ಯೋತಿಯೊಡನೆ ಕೂಡಿಸಲಾಯಿತು. ಅದನ್ನು ಮೆಚ್ಚಿದವರೂ ಉಂಟು, ಆಕ್ಷೇಪಿಸಿದವರೂ ಉಂಟು. ಹೊಸ ಸ್ಮಾರಕದಲ್ಲಿ ಅಮರಚಕ್ರ, ವೀರತಾಚಕ್ರ, ತ್ಯಾಗಚಕ್ರ, ರಕ್ಷಕಚಕ್ರ ಎಂದು ನಾಲ್ಕು ಸುತ್ತುಗಳು. ತ್ಯಾಗಚಕ್ರದ ಗೋಡೆಗಳಲ್ಲಿ, ಸ್ವಾತಂತ್ರ್ಯಾನಂತರ ಪ್ರಾಣವಿತ್ತ 25,000ಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದೆ. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲ. 1907ರ ಸ್ತಂಭಕ್ಕೂ 2019ರ ಗೋಡೆಗೂ ಇರುವ ವ್ಯತ್ಯಾಸವು ಇದೇ. ನಮ್ಮ ತಾಲ್ಲೂಕುಗಳ ಮುದುಕನು ನೋಡಬೇಕಾದುದೂ ಇದನ್ನೇ.

ದೆಹಲಿಯಲ್ಲಿಯೇ ಮೈಸೂರಿಗೆ ಸಂಬಂಧಪಟ್ಟ ಇನ್ನೊಂದು ಸ್ಮಾರಕವುಂಟೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ನೆಹರೂರವರು ವಾಸಿಸುತ್ತಿದ್ದ ಮನೆಗೆ ತೀನ್ ಮೂರ್ತಿ ಭವನವೆಂಬ ಹೆಸರು ಬಂದದ್ದು ಅದರ ಮುಂದಣ ಮೂರು ಕಂಚಿನ ಯೋಧರಿಂದ. ಅವರು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರ ಪ್ರತಿನಿಧಿಗಳು, ನಿಂತದ್ದು 1922ರಲ್ಲಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕರಿಂದಲೂ ಜರ್ಮನರಿಂದಲೂ ಬಿಡಿಸಿದ ದಾಳಿಯಲ್ಲಿ ಜೋಧಪುರದವರು ಭರ್ಜಿ ಹಿಡಿದು ಊರಿನ ಮೇಲೆ ಬಿದ್ದರು. ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿದ್ದ ತೋಪುಗಳನ್ನು ಹಿಡಿದರು. ಕುದುರೆಯ ಮೇಲೆ ಕುಳಿತವರು ಯಂತ್ರಬಂದೂಕಿಗೆ ಎದುರಾಗಿ ಹೋಗಿ ಒಂದು ಪಟ್ಟಣವನ್ನು ಗೆದ್ದ ಕೊನೆಕೊನೆಯ ಪ್ರಸಂಗಗಳಲ್ಲಿ ಇದೂ ಒಂದೆಂದು ಯುದ್ಧದ ಚರಿತ್ರಕಾರರು ಹೇಳುವರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಈ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕಸ್ತಂಭವಿದೆ. ಸುತ್ತಲೂ ವಾಹನಗಳು ಭೋರಿಡುತ್ತಿರುವ ಆ ಬೀದಿಯಲ್ಲಿ ಅದರ ಕಡೆಗೆ ಕಣ್ಣೆತ್ತಿ ನೋಡುವವರು ಎಲ್ಲಿ? ಆ ಪಡೆಯ ವಂಶವಾದರೂ ಅಳಿದಿಲ್ಲ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನೆಲ್ಲ ಸೇರಿಸಿ ಕಟ್ಟಿದ 61ನೆಯ ಅಶ್ವದಳದಲ್ಲಿ ಅದು ಬೆರೆತುಹೋಯಿತು.

ಇಲ್ಲಿ ನಮ್ಮ ರಾಷ್ಟ್ರೀಯವಾದಿ ಮಿತ್ರರು ಒಂದು ಪ್ರಶ್ನೆಯನ್ನು ಹಾಕುವರು. ಹೈಫಾದಲ್ಲಿ ಸತ್ತವರು ಯಾರಿಗಾಗಿ ಸತ್ತರು? ಇಂಗ್ಲಿಷರ ಚಕ್ರಾಧಿಪತ್ಯಕ್ಕಾಗಿಯಲ್ಲವೆ? ಅಂಥವರಿಗೆ ನಾವೇಕೆ ತಲೆಬಾಗಬೇಕು? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಉತ್ತರವನ್ನು ಕೊಡಬೇಕಾದವರು ಅವರನ್ನು ಕಳುಹಿಸಿದವರೇ ಹೊರತು ಹೋದವರಲ್ಲ. ಪರದೇಶದ ಮರಳಿನಲ್ಲಿ ಬಿದ್ದ ಸವಾರನು ರಾಜಕಾರಣದ ವಿಷಯದಲ್ಲಿ ಸಲಹೆ ಕೇಳಿಸಿಕೊಂಡವನಲ್ಲ. ಉಂಡ ಉಪ್ಪಿಗೆ ಎರಡು ಬಗೆಯಲಿಲ್ಲ, ಅಷ್ಟೆ. ಎರಡನೆಯ ಯುದ್ಧದಲ್ಲಿ ಮೈಸೂರಿನ ಕಾಲಾಳುಪಡೆಯೂ ಮಲಯದ ಕಡೆಗೆ ಹೋಗಿ, 1942ರ ಫೆಬ್ರವರಿಯಲ್ಲಿ ಸಿಂಗಪುರವು ಬಿದ್ದಾಗ ಜಪಾನೀಯರ ಕೈಗೆ ಸಿಕ್ಕಿತು. ಹಾಗೆ ಸೆರೆಸಿಕ್ಕ ಭಾರತೀಯರಲ್ಲಿ ಕೆಲವರು ಸುಭಾಷ್ ಬಾಬುಗಳ ಸೇನೆಯನ್ನು ಸೇರಿದರು, ಕೆಲವರು ಸೇರದೆ ಸೆರೆಮನೆಯಲ್ಲಿಯೇ ನವೆದರು. ಇಬ್ಬರ ಮನೆಗಳಲ್ಲಿಯೂ ತಾಯಂದಿರು ಒಂದೇ ವಿಧವಾಗಿ ಕಾದಿದ್ದರು. ಇವರಲ್ಲಿ ಒಬ್ಬರನ್ನು ವೀರರೆಂದು ಕರೆದು ಇನ್ನೊಬ್ಬರನ್ನು ಹೊಸ್ತಿಲಾಚೆ ನಿಲ್ಲಿಸುವುದು ನಮಗೆ ಒಪ್ಪುವುದಿಲ್ಲ.

ಶ್ರೀರಂಗಪಟ್ಟಣದ ಹೆದ್ದಾರಿಯ ಪಕ್ಕದಲ್ಲಿ, ಕಾವೇರಿಯ ದಡದ ಮೇಲೆ, ದಂಡಿನವರ ಹಳೆಯ ಸ್ಮಶಾನವೊಂದುಂಟು. 1799ರ ತರುವಾಯ ಕೋಟೆಯಲ್ಲಿ ಬೀಡುಬಿಟ್ಟಿದ್ದ ಐರೋಪ್ಯರೂ ಅವರ ಹೆಂಡಿರು ಮಕ್ಕಳೂ ಅಲ್ಲಿ ಮಣ್ಣಾಗಿರುವರು. ಸಮಾಧಿಗಳು ಸುಮಾರು 300. ಅವರಲ್ಲಿ ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ಎಂಬ ಮನೆತನದವರು ಕಟ್ಟಿದ ಪಡೆಯ ಸೈನಿಕರು ಹಲವರು. ಆ ಪಡೆಯು ಮೊದಲು ಡಚ್ಚರ ಬಳಿಯಲ್ಲಿ ಸಂಬಳಕ್ಕಿದ್ದು, ಆಮೇಲೆ ಇಂಗ್ಲಿಷರ ಬಳಿಗೆ ಬಂದ ಕೂಲಿಯ ದಂಡು. ಸ್ಮಶಾನವು ಮುಳ್ಳುಕಂಟಿ ಬೆಳೆದು ಹಾಳುಬಿದ್ದಿದ್ದಾಗ, ಎರಡು ಶತಮಾನಗಳ ಮೇಲೆ, ಅದೇ ಮನೆತನದ ವಂಶಸ್ಥರು ಸ್ವಿಟ್ಜರ್ಲೆಂಡಿನಿಂದ ಬಂದು ತಮ್ಮ ಹಣದಿಂದ ಜೀರ್ಣೋದ್ಧಾರ ಮಾಡಿಸಿದರು. ಕೂಲಿಗೆ ಬಂದು ಸತ್ತವರ ಗೋರಿಯನ್ನು ಹುಡುಕಿಕೊಂಡು ಅಷ್ಟು ದೂರದಿಂದ ಬಂದವರನ್ನು ನೋಡಿದರೆ, ಪಕ್ಕದ ಹಳ್ಳಿಯ ಸಿಪಾಯಿಯ ಮನೆಯನ್ನು ಅರಿಯದ ನಮ್ಮ ಪಟ್ಟಣವಾಸಿಗಳ ವಿಷಯದಲ್ಲಿ ಏನು ಹೇಳುವುದು?

ಸೀಮೆಯೇನೋ ಯುದ್ಧದ ಸೀಮೆಯೇ. ಪಾಂಡವಪುರದ ಹಳೆಯ ಹೆಸರು ಫ್ರೆಂಚ್ ರಾಕ್ಸ್. ಹೈದರನಿಗೂ ಟಿಪ್ಪುವಿಗೂ ಊಳಿಗ ಮಾಡಿದ ಫ್ರೆಂಚರು ಬೀಡುಬಿಟ್ಟಿದ್ದ ಬಂಡೆಗಳು ಅವು. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಮರಾಠರು ಹೈದರನ ದಂಡನ್ನು ಮುರಿದರು. ನಾಗಮಂಗಲವನ್ನು 1792ರಲ್ಲಿ ಪರಶುರಾಮ ಭಾವುವಿನ ದಂಡು ಹಾಳುಗೆಡವಿತು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಂತೂ ಲೋಕಪ್ರಸಿದ್ಧ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಬಿದ್ದ ಸಂಗತಿಯನ್ನೂ, ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ಬೇಟೆನಾಯಿಯ ಸಂಗತಿಯನ್ನೂ ಅದು ಒಟ್ಟಿಗೆ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ನಾಯಿಯ ಶೌರ್ಯಕ್ಕೂ ಕಲ್ಲು ನೆಡಿಸಿ ಅದರ ಹೆಸರನ್ನು ಕೊರೆಯಿಸಿದರು. (ಆ ಕಲ್ಲೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ಅದನ್ನೂ ಯಾತ್ರಿಕರಿಗೆ ತೋರಿಸಬಹುದು.)

ಇನ್ನು ಏರ್ಪಾಡಿನ ವಿಷಯ. ಮೊದಲನೆಯ ಯಾತ್ರೆಯು ದೆಹಲಿಗೆ ಬೇಡ, ಬೆಂಗಳೂರಿಗಾಗಲಿ. ಒಂದೇ ದಿನದ ಕೆಲಸ, ಒಂದು ಬಸ್ಸು ಸಾಕು. ಬೆಳಿಗ್ಗೆ ಹೊರಟರೆ ಲ್ಯಾನ್ಸರ್ಸ್ ಸ್ತಂಭವನ್ನೂ, ವೀರಗಲ್ಲೆಂದೇ ಕರೆಯಲ್ಪಡುವ ದೊಡ್ಡ ಏಕಶಿಲೆಯುಳ್ಳ ರಾಷ್ಟ್ರೀಯ ಸೈನಿಕ ಸ್ಮಾರಕವನ್ನೂ ನೋಡಿಕೊಂಡು ರಾತ್ರಿಯ ಊಟದ ಹೊತ್ತಿಗೆ ಹಿಂದಿರುಗಬಹುದು. ಇದರಲ್ಲಿ ಕೈಪಳಗಿದ ಮೇಲೆ ದೆಹಲಿ. ರೈಲಿನಲ್ಲಿ ಹೋದರೆ ಎರಡು ರಾತ್ರಿಗಳ ಪ್ರಯಾಣ. ಎಂಬತ್ತು ವರ್ಷದ ಸೊಂಟಕ್ಕೆ ಅದು ಶಿಕ್ಷೆಯೇ ಸರಿ. ಆದುದರಿಂದ ಹೆಚ್ಚು ಖರ್ಚಾದರೂ ವಿಮಾನವೇ ಲೇಸು. ಜನವರಿಯ ಚಳಿಯೂ ಮೇ ತಿಂಗಳ ಬಿಸಿಲೂ ಕೂಡದು. ಇಬ್ಬರು ವೃದ್ಧರಿಗೆ ಒಬ್ಬನಾದರೂ ಗಟ್ಟಿಮುಟ್ಟಾದ ಸ್ವಯಂಸೇವಕನಿರಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜೊಂದಿದೆ. ಕೇಳಿದರೆ ಅಲ್ಲಿಯ ತರುಣ ವೈದ್ಯರಲ್ಲಿ ಒಬ್ಬಿಬ್ಬರು ಜೊತೆಗೆ ಬಾರದಿರಲಾರರು. ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಆಹಾರ, ದಾರಿಯಲ್ಲಿ ಗಂಟೆಗೊಮ್ಮೆ ಶೌಚಕ್ಕೆ ನಿಲುಗಡೆ, ಇವನ್ನು ಸಣ್ಣ ಮಾತೆಂದು ಎಣಿಸಿದರೆ ಯಾತ್ರೆಯು ಕೆಡುವುದು. ಯೋಧನು ಗತಿಸಿದ್ದಲ್ಲಿ ಅವನ ಪತ್ನಿಗೆ ಸ್ಥಳವಿರಬೇಕು. ಕಲ್ಲಿನ ಮೇಲೆ ಗಂಡನ ಹೆಸರಿರುವ ಹೆಂಗಸಿಗಂತೂ ಮೊದಲ ಸ್ಥಳ.

ಈ ಹಣವನ್ನು ಔಷಧಿಗೋ ಪಿಂಚಣಿಗೋ ಕೊಡಬಾರದೆ ಎನ್ನುವವರಿಗೆ ನಮ್ಮ ಸಮಾಧಾನ ಇಷ್ಟೆ. ಪಿಂಚಣಿಯೂ ಚಿಕಿತ್ಸೆಯೂ ಸರ್ಕಾರದವರು ತೀರಿಸಬೇಕಾದ ಸಾಲ. 2003ರಿಂದ ಮಾಜಿ ಸೈನಿಕರಿಗೆಂದೇ ಚಿಕಿತ್ಸೆಯ ಯೋಜನೆಯೊಂದು ನಡೆದುಬಂದಿದೆ. ಅದರಲ್ಲಿ ಕೊರತೆಯಿದ್ದರೆ ಸರ್ಕಾರವನ್ನು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ನೆರೆಹೊರೆಯವರ ಸಾಲ ಬೇರೆ. ಅದನ್ನು ಖಜಾನೆಯಿಂದ ತೀರಿಸಲಾಗದು.

ಒಂದು ನಿಬಂಧನೆಯನ್ನು ಮಾತ್ರ ನಾವು ಒತ್ತಿ ಹೇಳುವೆವು. ಬಸ್ಸಿನ ಮೇಲೆ ಯಾವ ಮಹನೀಯರ ಮುಖವೂ ಇರಕೂಡದು. ನಮ್ಮ ಊರುಗಳಲ್ಲಿ ಹುಟ್ಟುಹಬ್ಬಕ್ಕೂ ಹೆಣದ ಮೆರವಣಿಗೆಗೂ ಫ್ಲೆಕ್ಸು ಕಟ್ಟುವ ಚಾಳಿ ಬೆಳೆದಿದೆ. ಈ ಕಾರ್ಯವು ಅದಕ್ಕೆ ಹೊರಗಾಗಿರಲಿ. ಹೊರಡುವಾಗ ವೇದಿಕೆ, ಭಾಷಣ, ಶಾಲು ಹೊದಿಸುವ ಸಡಗರ ಯಾವುದೂ ಬೇಡ. ಮುದುಕರನ್ನು ಬಿಸಿಲಿನಲ್ಲಿ ಕೂಡಿಸಿ ಎರಡು ಗಂಟೆ ಉಪನ್ಯಾಸ ಕೇಳಿಸುವುದು ಸನ್ಮಾನವಲ್ಲ. ಚಂದಾ ಕೊಟ್ಟವರ ಹೆಸರನ್ನೂ ಖರ್ಚಿನ ಲೆಕ್ಕವನ್ನೂ ಯಾತ್ರೆ ಮುಗಿದ ಮೇಲೆ ಪ್ರಕಟಿಸಿದರೆ ಸಾಕು.

ಕೆಲಸವು ಪ್ರಾರಂಭವಾಗಬೇಕಾದುದು ಒಂದು ಪಟ್ಟಿಯಿಂದ. ಪ್ರತಿ ಗ್ರಾಮ ಪಂಚಾಯಿತಿಯ ಮಟ್ಟಿಗೂ ಅಲ್ಲಿಯ ಉಪಾಧ್ಯಾಯರೋ ಅಂಚೆಯವರೋ ಒಂದು ಭಾನುವಾರ ಕುಳಿತು, ತಮ್ಮಲ್ಲಿರುವ ಹಳೆಯ ಸೈನಿಕರ ಹೆಸರು, ವಯಸ್ಸು, ಅವರಿದ್ದ ಪಡೆ, ಕಂಡ ಯುದ್ಧ, ನಡೆಯಬಲ್ಲರೋ ಇಲ್ಲವೋ ಎಂಬುದನ್ನು ಬರೆದುಕೊಳ್ಳಲಿ. ಹಾಗೆಯೇ ಮತ್ತೊಂದು ಪ್ರಶ್ನೆಯನ್ನು ಕೇಳಿ ಉತ್ತರವನ್ನು ಎದುರಿಗೆ ಗುರುತುಮಾಡಿಕೊಳ್ಳಲಿ: ಗೋಡೆಯ ಮೇಲೆ ತಾವು ಯಾರ ಹೆಸರನ್ನು ನೋಡಬಯಸುವಿರಿ? ಸಾವಿರಾರು ಹೆಸರುಗಳ ನಡುವೆ ಮಂಜಾದ ಕಣ್ಣುಗಳು ಹುಡುಕುತ್ತ ನಿಲ್ಲದಂತೆ, ಆ ಹೆಸರು ಯಾವ ಗೋಡೆಯಲ್ಲಿದೆಯೆಂಬುದನ್ನು ಸ್ವಯಂಸೇವಕನು ಮುಂಚಿತವಾಗಿ ತಿಳಿದುಕೊಂಡಿದ್ದು, ನೆಟ್ಟಗೆ ಅಲ್ಲಿಗೇ ಕರೆದುಕೊಂಡು ಹೋಗತಕ್ಕುದು.